ಹೆಸರು ಆಮೇಲೆ ಹೇಳ್ತೀವಿ

ಎರಿ, ಪೆನ್ಸಿಲ್ವೇನಿಯಾ
ಫೆಬ್ರವರಿ ೧೯, ಗುರುವಾರ

ಒಂದು ಕಾಲದ ನನ್ನ ಹೆಂಡತಿ, ಎಲ್ಲ ಕಾಲದ ನನ್ನ ಪಕ್ಕದ ಸೀಟಿನ ರೊಸೆಲ್ಲಾಳಿಗೆ,

ಮೊದಲು ಲಕೋಟೆಯಲ್ಲಿರುವ ಪೇಪರ್ ತುಣುಕು ಓದು. ಓದಿದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದೂ ಈ ಮುದುಕ ಅಚ್ಚು ಹಾಕಿಸಿದ್ದೇ ಇರಬೇಕು ಎಂದು ಪರೀಕ್ಷೆ ಮಾಡುತ್ತೀಯಲ್ಲ, ಮಾಡು. ಹಿಂಬದಿಯಲ್ಲಿ ಹಳೇ ಟೈರು ಕೊಳ್ಳುವವರ ಜಾಹೀರಾತಿದೆ. ಸುಳ್ಳು ಸುದ್ದಿ ಹುಟ್ಟಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿರುವುದು ನಿಜ, ಆದರೆ ಸುಳ್ಳು ಟೈರಿನ ಜಾಹೀರಾತು ಅಚ್ಚು ಹಾಕಿಸುವಷ್ಟು ಸೋಮಾರಿ ಹೊತ್ತು ನನಗಿನ್ನೂ ಬಂದಿಲ್ಲ.

ಓದಿದೆಯಾ? ಕುರ್ಚಿಯಲ್ಲಿ ಕೂತುಕೋ. ಎಲಿಯಾಸ್ ಫ್ಯುಯೆಂಟೆಸ್ ವಾಪಸ್ ಬರುತ್ತಿದ್ದಾನೆ. ನಿನ್ನ ಫ್ಯುಯೆಂಟೆಸ್. ಹನ್ನೊಂದು ವರ್ಷ ಮುಖಕ್ಕೆ ಜಾಲರಿ ಕಟ್ಟಿಕೊಂಡು, ಬ್ಯಾಟು ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದ ಅದೇ ಕ್ಯಾಚರ್ ಪುಣ್ಯಾತ್ಮ. ನಾನು ಜನವರಿಯಲ್ಲೇ ಹೇಳಿದ್ದೆ. ಈ ಮಾತನ್ನು ಈ ಪತ್ರದಲ್ಲಿ ಇನ್ನೂ ಕೆಲವು ಸಲ ಬರೆಯುವವನಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಮ್ಮ ಲ್ಯಾಂಟರ್ನ್ಸ್ ಬೇಸ್‌ಬಾಲ್ ತಂಡದ ಯಜಮಾನರು ಡಿಸೆಂಬರಿನಲ್ಲಿ ಅವನನ್ನು ಒಮಾಹಾ ತಂಡದವರಿಗೆ ಕೊಟ್ಟರಲ್ಲ, ಅವತ್ತು ನೀನು ಫೋನ್ ಮಾಡಿದೆ. ಚಳಿಗಾಲದಲ್ಲಿ ನಿನ್ನ ಫೋನು ಎಂದರೆ ಜುಲೈಯಲ್ಲಿ ಹಿಮ ಬಿದ್ದ ಹಾಗೆ. ಅತ್ತಿದ್ದೆಯೋ ನೆಗಡಿಯೋ, ನಾನು ಕೇಳಲಿಲ್ಲ. ನೀನು ಹೇಳಿದ್ದು ಮಾತ್ರ ನೆನಪಿದೆ. "ಈ ಊರಲ್ಲಿ ಇರ್ತೀನಿ ಅಂದ ಕಡೆ ಇದ್ದ ಗಂಡಸು ಅವನೊಬ್ನೇ ಕಣೋ ಕ್ಯಾಜ್. ಅವನಿಲ್ದೆ ಇರೋ ಆಟ ನಂಗೆ ಬೇಡ. ನನ್ನ ಸೀಟು ಬಿಟ್ಬಿಡ್ತೀನಿ, ನೀನು ಕಾಲು ಚಾಚ್ಕೊಂಡು ಕೂತ್ಕೋ."

ವಕೀಲರ ಮುಂದೆ ಮನೆ ನಿನಗೆ, ದೋಣಿ ನನಗೆ ಎಂದು ಹಂಚಿಕೊಂಡಾಗಲೂ ಮೈದಾನದ ಮೂರನೇ ಬೇಸಿನ ಹಿಂದಿನ ಆ ಜೋಡಿ ಸೀಟನ್ನು ನಾವಿಬ್ಬರೂ ಬಿಟ್ಟುಕೊಡಲಿಲ್ಲ. ಜೋಡಿ ಮುರಿಯಿತು, ಜೋಡಿ ಸೀಟು ಮುರಿಯಲಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪಕ್ಕದಲ್ಲಿ ಕೂತು ಜಗಳ, ಆಮೇಲೆ ಆರು ತಿಂಗಳು ದೂರದಲ್ಲಿ ಕೂತು ಮೌನ. ಒಳ್ಳೆಯ ಏರ್ಪಾಡೇ ಆಗಿತ್ತು. ಅದನ್ನು ಒಬ್ಬ ಕ್ಯಾಚರ್‌ಗಾಗಿ ನೀನು ಕೈಬಿಟ್ಟರೆ ಹೇಗೆ? ಕಡಲೆಕಾಯಿ ಸಿಪ್ಪೆಯನ್ನು ನಾನು ಯಾರ ಕಡೆಗೆ ಎಸೆಯಲಿ? ನನ್ನ ಚಿಂತೆ ಅಷ್ಟೇ, ಬೇರೇನಿಲ್ಲ.

ಈ ಕಾಲವನ್ನು ಜನ ಆಟದ ಬಿಡುವು ಅನ್ನುತ್ತಾರೆ. ನನಗೆಲ್ಲಿಯ ಬಿಡುವು? ದಿನಾ ಬೆಳಿಗ್ಗೆ ಆರ್ವಿಲ್‌ನ ಕ್ಷೌರದಂಗಡಿಗೆ ಹೋಗಿ ಹೀಟರ್ ಪಕ್ಕ ಕೂರಬೇಕು. ಯಾರನ್ನು ಕೊಂಡರು, ಯಾರನ್ನು ಮಾರಿದರು, ಯಾವನ ಭುಜ ಹೋಯಿತು, ಎಲ್ಲವನ್ನೂ ಸೋಸಬೇಕು. ಅಲ್ಲಿ ಕತ್ತರಿಗಿಂತ ಜಾಸ್ತಿ ಕತೆ ಆಡುತ್ತದೆ. ಎರಡು ಚಳಿಗಾಲದ ಹಿಂದೆ ನಾನೇ ಎಡಗೈಯಲ್ಲಿ ಚೆಂಡೆಸೆಯುವ ಹಾಲೆಂಡಿನ ಒಬ್ಬ ಆಟಗಾರನನ್ನು ಹುಟ್ಟಿಸಿ, ಹೆಸರಿಟ್ಟು, ನಮ್ಮ ತಂಡಕ್ಕೆ ಸೇರಿಸಿದ್ದೆ. ಆರ್ವಿಲ್ ವಾರಗಟ್ಟಲೆ ಅವನನ್ನು ಹೊಗಳಿದ, ಅವನ ಆಟ ತಾನು ಕಣ್ಣಾರೆ ನೋಡಿದ್ದೇನೆ ಎಂದೂ ಆಣೆ ಇಟ್ಟ. ನಿಜ ಗೊತ್ತಾದ ದಿನ ನನ್ನ ತಲೆಗೆ ಮಾಡಿದ ಕ್ಷೌರ ನಿನಗೂ ನೆನಪಿರಬೇಕು. ಮೇ ತಿಂಗಳ ತನಕ ಟೋಪಿ ತೆಗೆಯಲಿಲ್ಲ ನಾನು.

ಹಾಗಾಗಿ ಈ ಜನವರಿಯಲ್ಲಿ ನಾನು ನಿಜ ಹೇಳಿದಾಗ ನಂಬುವವರು ಒಬ್ಬರೂ ಇರಲಿಲ್ಲ. ನನ್ನ ಲೆಕ್ಕ ಸುಲಭದ್ದು. ಒಮಾಹಾದವರು ದೊಡ್ಡ ಹೆಸರಿನ ಹೊಸ ಕ್ಯಾಚರ್‌ನನ್ನು ಐದು ವರ್ಷಕ್ಕೆ ಸೇರಿಸಿಕೊಂಡರು. ಕುಕ್ಕರುಗಾಲಲ್ಲಿ ಕೂರುವುದು ಒಂದೇ ಜಾಗ, ಕೂರುವವರು ಇಬ್ಬರು. ನಮ್ಮವರಿಗೆ ಫ್ಯುಯೆಂಟೆಸ್‌ಗೆ ಬದಲಾಗಿ ಅವರು ಒಬ್ಬ ಆಟಗಾರನನ್ನು ಕೊಡಬೇಕಿತ್ತು, ಆದರೆ ಅದು ಯಾರು ಎಂದು ಡಿಸೆಂಬರಿನಲ್ಲಿ ಹೇಳಿರಲಿಲ್ಲ. ಬೇಸ್‌ಬಾಲಿನ ಹಳೇ ಪದ್ಧತಿ ನಿನಗೆ ಗೊತ್ತೇ ಇದೆ: ಈಗ ತಗೊಳ್ತೀವಿ, ಪ್ರತಿಯಾಗಿ ಕೊಡೋನ ಹೆಸರು ಆಮೇಲೆ ಹೇಳ್ತೀವಿ, ಆರು ತಿಂಗಳೊಳಗೆ. ಹಾಗಾದರೆ ಅವರು ಯಾರನ್ನು ಕೊಟ್ಟಾರು? ಮನೆಯಲ್ಲಿ ಜಾಗವಿಲ್ಲದವನನ್ನು. ಬಂದವನನ್ನೇ ಬಂದ ದಾರಿಗೆ ಕಳಿಸಬಾರದು ಎಂದು ಎಲ್ಲಿ ಬರೆದಿದೆ?

ಇದನ್ನು ಅಂಗಡಿಯಲ್ಲಿ ಹೇಳಿದೆ. ಆರ್ವಿಲ್ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಅದೇನಾದರೂ ನಿಜವಾದರೆ ಕಿಟಕಿಯಲ್ಲಿ ನನ್ನ ಫೋಟೋ ತೂಗುಹಾಕುತ್ತೇನೆ ಎಂದ. ನಿನಗೂ ಫೋನ್ ಮಾಡಿದೆ. ನೀನು ನಗಲೂ ಇಲ್ಲ. "ನೋಡು ಕ್ಯಾಜ್, ನಿನ್ನ ಬಾಯಿಂದ ಬಂದ ಸುದ್ದಿ ನಿಜ ಆದ ದಿನ, ನಯಾಗರಾದಲ್ಲಿ ಕೊಡ್ಸಿದ್ಯಲ್ಲ ಆ ಹಳದಿ ಟೋಪಿ, ಅದನ್ನ ಹಾಕ್ಕೊಂಡು ಬಂದು ನಿನ್ನ ಪಕ್ಕ ಕೂರ್ತೀನಿ," ಎಂದು ಫೋನ್ ಇಟ್ಟೆ.

ಅಂದರೆ ಆ ಟೋಪಿಯನ್ನು ನೀನಿನ್ನೂ ಎಸೆದಿಲ್ಲ.

ಈಗ ನಿನ್ನೆಯ ಕತೆ. ನಾನು ಕ್ಷೌರದ ಕುರ್ಚಿಯಲ್ಲಿದ್ದೆ, ಅರ್ಧ ಕೆನ್ನೆ ಬೋಳು, ಅರ್ಧ ಕೆನ್ನೆ ನೊರೆ. ರೇಡಿಯೋದವನು ಹವಾಮಾನ ಹೇಳಿ, ಸರೋವರದ ಕಡೆಯ ಗಾಳಿ ಹೇಳಿ, ಆಮೇಲೆ ಒಮಾಹಾದವರು ಡಿಸೆಂಬರಿನ ಬಾಕಿ ತೀರಿಸಿದ್ದಾರೆ ಎಂದ. ಲ್ಯಾಂಟರ್ನ್ಸ್‌ಗೆ ಬರುವ ಆಟಗಾರ ಎಲಿಯಾಸ್ ಫ್ಯುಯೆಂಟೆಸ್. ಆರ್ವಿಲ್‌ನ ಕತ್ತಿ ನನ್ನ ಗಂಟಲ ಹತ್ತಿರ ನಿಂತುಬಿಟ್ಟಿತು.

"ಅಂದ್ರೆ ಏನ್ಲಾ," ಎಂದ, "ಅವನನ್ನ ಕೊಟ್ಟು ಅವನನ್ನೇ ತಗೊಂಡ್ರಾ?"

"ಹೂಂ ಕಣಪ್ಪಾ. ಕೊಟ್ಟೋರಿಗೂ ನಷ್ಟ ಇಲ್ಲ, ತಗೊಂಡೋರಿಗೂ ನಷ್ಟ ಇಲ್ಲ. ಮೊದಲು ಕತ್ತಿ ತೆಗಿ, ಗೆದ್ದ ದಿನ ಸಾಯೋಕೆ ನಂಗಿಷ್ಟ ಇಲ್ಲ."

ಆಮೇಲೆ ನಾನು ಎದ್ದು, ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಬೀದಿಗಿಳಿದೆ. ಹಿಮದಲ್ಲಿ ಹಾದುಹೋದ ಪ್ರತಿಯೊಬ್ಬರಿಗೂ ಹೇಳಿದೆ. ಬಸ್ಸಿನ ಡ್ರೈವರಿಗೂ ಹೇಳಿದೆ, ಅವನು ಹಾರ್ನ್ ಹೊಡೆದ. ಗೆಲುವು ಅಂದರೆ ಇದು ರೊಸೆಲ್ಲಾ. ಜೀವಮಾನವೆಲ್ಲ ಗಾಳಿಸುದ್ದಿ ಹಾರಿಸಿದವನಿಗೆ ಕೊನೆಗೂ ಗಾಳಿ ಒಲಿಯಿತು. ನನ್ನ ಫೋಟೋ ಈಗ ಆರ್ವಿಲ್‌ನ ಕಿಟಕಿಯಲ್ಲಿದೆ, ಅರ್ಧ ನೊರೆಯಲ್ಲಿ ತೆಗೆದದ್ದು. ಕೆಳಗೆ ಅವನ ಕೈಬರಹ: "ಈ ಮನುಷ್ಯ ಒಂದ್ಸಲ ನಿಜ ಹೇಳಿದ." ನೀನು ಬಂದು ನೋಡಬೇಕು.

ಈಗ ಮಾತಿಗೆ ಬರೋಣ. ಏಪ್ರಿಲ್ ಮೊದಲ ಆಟ, ಮೂರನೇ ಬೇಸಿನ ಹಿಂದೆ, ಹಳದಿ ಟೋಪಿ. ಅದರ ಅಂಚು ಹಿಂದಿನ ಸಾಲಿನವರಿಗೆಲ್ಲ ಆಟ ಮರೆಮಾಡುತ್ತದೆ, ಬೈಯುತ್ತಾರೆ. ಬೈಯಲಿ. ಎದ್ದುನಿಂತು ಉತ್ತರ ಕೊಡಲು ನಾನಿದ್ದೇನೆ, ಈ ಸಲ ಇರುತ್ತೇನೆ ಅಂದ ಕಡೆ ಇರುತ್ತೇನೆ. ಫ್ಯುಯೆಂಟೆಸ್‌ಗೆ ಈಗ ಮೂವತ್ತಾರು, ಮಂಡಿ ಮೊಂಡು ಹಿಡಿದಿದೆ, ಓಡುವಾಗ ಅಂಚೆಯವನೂ ಅವನನ್ನು ಹಿಂದೆ ಹಾಕುತ್ತಾನೆ. ಆದರೂ ಅವನು ಮೈದಾನಕ್ಕೆ ಇಳಿದಾಗ ನೀನು ಹೇಗೆ ಕೂಗುತ್ತೀಯೋ, ಅದನ್ನು ಕೇಳಬೇಕು ನನಗೆ.

ಸಿಪ್ಪೆ ಎಸೆಯುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ನಾನು ಜನವರಿಯಲ್ಲೇ ಹೇಳಿದ್ದೆ,

ನಿನ್ನ ಪಕ್ಕದ ಸೀಟಿನ
ಕ್ಯಾಸಿಮಿರ್ ಡೊಂಬ್ರೊವ್ಸ್ಕಿ

ಮರೆತ ಮಾತು: ಫೆಬ್ರವರಿ ಮುಗಿಯುವುದರೊಳಗೆ ಸೀಟು ಕಾದಿರಿಸಬೇಕಲ್ಲ ಎಂದು ಗಾಬರಿಯಾಗಬೇಡ. ಡಿಸೆಂಬರಿನಲ್ಲಿ ನೀನು ಬಿಟ್ಟುಬಿಡುತ್ತೇನೆ ಎಂದು ಫೋನ್ ಇಟ್ಟ ಮಧ್ಯಾಹ್ನವೇ ಹೋಗಿ ಎರಡೂ ಸೀಟು ಹಿಡಿದು ಬಂದೆ. ಟಿಕೆಟ್ ಕಿಟಕಿಯಲ್ಲಿದ್ದ ಹುಡುಗಿ ಎರಡನೆಯದಕ್ಕೆ ಯಾರ ಹೆಸರು ಬರೆಯಲಿ ಎಂದಳು. ಆಮೇಲೆ ಹೇಳ್ತೀನಿ ಎಂದೆ. ಅವಳು ನಕ್ಕು, "ಆರು ತಿಂಗಳೊಳಗೆ ಹೇಳ್ಬೇಕು ತಾತಾ," ಎಂದಳು. ಆಗ ಫ್ಯುಯೆಂಟೆಸ್ ವಾಪಸ್ ಬರುವ ಸುದ್ದಿ ಗಾಳಿಯಲ್ಲೂ ಇರಲಿಲ್ಲ.