ತಾಯಿನೀರಿನ ತಪ್ಪು

ಕರಿಗಲ್ಲೂರು,
೨೩೮೬ನೆಯ ವರ್ಷ, ಹದಿಮೂರನೆಯ ತಿಂಗಳ ಎರಡನೆಯ ದಿನ (ನಮ್ಮ ವರ್ಷಕ್ಕೆ ಹದಿಮೂರು ತಿಂಗಳು)

ಮುನ್ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ಗುರುಸಂಗವ್ವನ ನಮಸ್ಕಾರ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ತಿದ್ದುವವರು ಯಾರೂ ಇಲ್ಲ.

ನಾನು ಈ ಊರಿನ ನೀರೋದುಗಿ, ಅಂದರೆ ನೀರನ್ನು ಪರೀಕ್ಷಿಸುವವಳು. ಬೆಳಗಾದರೆ ಹನ್ನೆರಡು ಓಣಿಗಳ ಹೆಂಗಸರು ತಂತಮ್ಮ ನೀರಿನ ಶೀಶೆ ಹಿಡಿದು ನನ್ನ ಕಟ್ಟೆಗೆ ಬರುತ್ತಾರೆ. ನಾನು ಸರಿ ಎಂದ ಮೇಲೆಯೇ ಅವರು ಒಲೆ ಹಚ್ಚುವುದು. ಬೆಳ್ಳಿಯ ಅತಿಸಣ್ಣ ಕಣಗಳನ್ನು ಕೂರಿಸಿದ ಬಿಲ್ಲೆಯ ಮೇಲೆ ಒಂದು ಹನಿ ಬಿಟ್ಟು ಲೇಸರ್ ಬೆಳಕು ಹಾಯಿಸುತ್ತೇನೆ. ನೀರಿನಲ್ಲಿರುವ ಒಂದೊಂದು ವಸ್ತುವೂ ಆ ಬೆಳಕಿನ ಬಣ್ಣವನ್ನು ತನ್ನದೇ ರೀತಿಯಲ್ಲಿ ಕೊಂಚ ಬದಲಿಸಿ ಹಿಂದಿರುಗಿಸುತ್ತದೆ. ಬೆಳ್ಳಿ ಅದನ್ನು ಲಕ್ಷಪಾಲು ಹಿಗ್ಗಿಸಿ ತೋರಿಸುತ್ತದೆ. ನೀವು ರಾಮನ್ ರೋಹಿತ ಎನ್ನುತ್ತಿದ್ದದ್ದು ಇದನ್ನೇ. ಬಾವಿಗೆ ಚಿಟಿಕೆ ವಿಷ ಬಿದ್ದರೂ ಪರದೆಯ ಗೆರೆಯಲ್ಲಿ ಅದರ ಮೊನೆ ಏಳುತ್ತದೆ.

ಆದರೆ ಬಿಲ್ಲೆಗೂ ತನ್ನವೇ ಮೊನೆಗಳಿವೆ. ಹಾಗಾಗಿ ಮೊದಲು ಶುದ್ಧ ನೀರಿನ ಗೆರೆ ತೆಗೆದು, ಉಳಿದೆಲ್ಲ ಗೆರೆಗಳಿಂದ ಅದನ್ನು ಕಳೆಯುವುದು ನಮ್ಮ ಪದ್ಧತಿ. ಆ ಶುದ್ಧ ನೀರಿಗೆ ತಾಯಿನೀರು ಎಂದು ಹೆಸರು. ಐದು ತಲೆಮಾರಿನಿಂದ ಅದನ್ನು ಊರಿನ ಹಳೆಯ ಕಲ್ಲುಬಾವಿಯಿಂದಲೇ ತರುತ್ತಿದ್ದೆವು. ಅದನ್ನು ಪರೀಕ್ಷಿಸುವುದೆಂದರೆ ಹೆತ್ತ ತಾಯಿಯ ಮೇಲೆ ಅನುಮಾನಪಟ್ಟಂತೆ ಎಂದು ಯಾರೂ ಪರೀಕ್ಷಿಸಲಿಲ್ಲ. ನಾನೂ ಪರೀಕ್ಷಿಸಲಿಲ್ಲ.

ಮೂರು ವರ್ಷದ ಹಿಂದೆ ನನ್ನ ತಂಗಿ ನೀಲಗಂಗಾ, "ಅಕ್ಕಾ, ಈ ನೀರು ಗಂಟಲದಾಗ ಇಳಿಯೂದಿಲ್ಲ, ಏನೋ ಐತಿ ಇದರಾಗ" ಎಂದಳು. ನಾನು ಸಪಾಟಾದ ಗೆರೆ ತೋರಿಸಿ, "ನಿನ್ನ ನಾಲಿಗಿ ಕೆಟ್ಟೈತಿ, ಸುಮ್ನ ಕುಡಿ" ಎಂದು ನಕ್ಕೆ. ಕುಡಿದಳು. ಈಗ ಅವಳ ಕೈ ನಡುಗುತ್ತದೆ, ಕುಪ್ಪಸದ ಗುಂಡಿಯನ್ನೂ ನಾನೇ ಹಾಕಬೇಕು.

ನಿನ್ನೆ ತಾಯಿನೀರಿನ ಗಡಿಗೆ ಒಡೆಯಿತು. ಬಾವಿಗೆ ಹೋಗಲು ಬೇಸರವಾಗಿ ಅದರ ಬದಲು ಮಳೆನೀರನ್ನೇ ಬಳಸಿದೆ. ಹನ್ನೆರಡು ಓಣಿಗಳ ನೀರಿನಲ್ಲೂ ಒಂದೇ ಮೊನೆ ಎದ್ದಿತು. ಹಳೆಯ ಪಟ್ಟಿಯಲ್ಲಿ ಹುಡುಕಿದರೆ, ಅದು ನಿಮ್ಮ ಕಾಲದ ಕೀಟನಾಶಕ. ತಾಯಿನೀರಿಗಷ್ಟೇ ಅಲ್ಲ, ಊರಿನ ನೀರಿಗೆಲ್ಲ ಕಲ್ಲುಬಾವಿಯದೇ ಸೆಲೆ. ಎಲ್ಲದರಲ್ಲೂ ಇದ್ದ ವಿಷವನ್ನು ನಾನು ದಿನಾ ನನ್ನ ಕೈಯಾರೆ ಲೆಕ್ಕದಿಂದ ಕಳೆದು, ಕುಡಿಯಿರಿ ಎಂದು ಕಳಿಸುತ್ತಿದ್ದೆ. ಇವತ್ತು ಬಾವಿಯ ಹಿಂದೆ ಅಗೆದಾಗ ನೀವು ಹೂತಿಟ್ಟ ಪೀಪಾಯಿಗಳು ಸಿಕ್ಕವು, ತುಕ್ಕು ತಿಂದು ಸೋರುತ್ತಿದ್ದವು.

ಹೂತವರು ನೀವಾದರೂ ಕುಡಿಸಿದವಳು ನಾನು, ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ಒಂದೇ ಕೋರಿಕೆ. ಕೆರೆ ಕಟ್ಟಿದ್ದಕ್ಕೆಲ್ಲ ಶಾಸನ ಬರೆಸಿದ ನಾಡು ನಿಮ್ಮದು. ಇಂಥದ್ದನ್ನು ಹೂತ ಕಡೆಯೂ ಒಂದು ಕಲ್ಲು ನೆಟ್ಟು, ಒಳಗೇನಿದೆ ಎಂದು ಕೊರೆಸಿ.

ನನ್ನ ತಪ್ಪನ್ನು ನೀಲಗಂಗಾಳಿಗೆ ಇನ್ನೂ ಹೇಳಿಲ್ಲ. ನಾನು ಬಾವಿ ಮುಚ್ಚಿಸಿದ ಸುದ್ದಿ ಕೇಳಿ ಬಂದವಳು, ಆ ನಡುಗುವ ಕೈಯಿಂದಲೇ ನನ್ನ ಕೆನ್ನೆ ಸವರಿ, "ನೀ ಇದ್ದಿ ಅಂತ ಉಳಿದ್ವಿ ಅಕ್ಕಾ" ಎಂದಳು.