ಉಪ್ಪು ಹೆಚ್ಚಾಗಿದ್ದು ಖರೇ

ಅಪ್ಪಾ,

ನಿನ್ನ ನಾಲಿಗೆಯ ಸುದ್ದಿಯೊಂದಿದೆ, ಕಿವಿಗೊಟ್ಟು ಕೇಳು.

ಸೀಗಿ ಹುಣ್ಣಿಮೆಯ ದಿನ ಹೊಲದಲ್ಲಿ ಊಟಕ್ಕೆ ಕೂತಿದ್ದು ನೆನಪಿದೆಯಾ? ಕಟ್ಟಿನ ಸಾರಿನ ಮೊದಲ ತುತ್ತಿಗೇ ನೀನು ತಾಟು ಸರಿಸಿದೆ. "ಇದೇನ, ಉಪ್ಪಿನ ಚೀಲಾನ ಸುರುವೀ ಏನ?" ಅವ್ವ ಕುಡಿದು ನೋಡಿದಳು. "ಬರೋಬ್ಬರಿ ಐತ್ರಿ. ನಿಮ್ಮ ನಾಲಿಗಿನ ಕೆಟ್ಟೈತಿ." ನ್ಯಾಯ ನನ್ನ ಮುಂದೆ ಬಂತು. ನಾನೂ ಕುಡಿದೆ, ಅವ್ವನ ಕಡೆಗೇ ತೀರ್ಪು ಕೊಟ್ಟೆ. "ರುಚಿ ತಪ್ಪೋದು ಕರೋನಾದ ಲಕ್ಷಣ" ಎಂದು ನರ್ಸಮ್ಮನ ಗತ್ತಿನಲ್ಲಿ ಹೇಳಿಯೂ ಬಿಟ್ಟೆ. ನೀನು ಪಾಪ, ಹಾಸಿಗೆ ಸುತ್ತಿಕೊಂಡು ದನದ ಕೊಟ್ಟಿಗೆಗೆ ಹೋದೆ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದಾಗ ಅವ್ವ, "ಹಂಗಾದ್ರ ವಯಸ್ಸಾತು, ಬಿಡ್ರಿ" ಅಂದಳು.

ಆಮೇಲೆ ಊರಲ್ಲಾದ ಮದುವೆಯೊಂದನ್ನು ಮರೆಯಲಾರೆ. ನಮ್ಮ ಆಡೂರಿನಲ್ಲಿ ನೀನು ಉಪ್ಪು ನೋಡಿ ಹೂಂ ಅನ್ನದೆ ಯಾರ ಮನೆಯ ಮದುವೆ ಸಾರೂ ಒಲೆಯಿಂದ ಇಳಿದದ್ದಿಲ್ಲ. ಅವತ್ತು ಸೌಟು ಹಿಡಿದು ಬಂದವರಿಗೆ ನೀನು ಕೈ ಮುಗಿದೆ. "ಬ್ಯಾರೇದವ್ರನ್ನ ಕೇಳ್ರಿ, ನನ್ನ ನಾಲಿಗಿ ಮೊದಲಿನಂಗಿಲ್ಲ." ಅದೇ ಚಳಿಗಾಲದಲ್ಲಿ ಎದೆನೋವು ಬಂತು, ನೀನು ನಾಲಿಗೆ ಕೆಟ್ಟಿದೆ ಅನ್ನೋ ಮಾತನ್ನು ನಂಬಿಕೊಂಡೇ ಹೋಗಿಬಿಟ್ಟೆ...

ಇರಲಿ, ಸುದ್ದಿ ಹೇಳುತ್ತೇನೆ. ಹೋದ ತಿಂಗಳು ಹಾನಗಲ್ಲಿನ ನಮ್ಮ ಆಸ್ಪತ್ರೆಯಲ್ಲಿ ಸಿಬ್ಬಂದಿಯೆಲ್ಲರ ರಕ್ತ ಪರೀಕ್ಷೆಗೆ ತೆಗೆದರು. ಗೊತ್ತಿಲ್ಲದಂತೆ ಕರೋನಾ ಬಂದುಹೋಗಿದ್ದರೆ ರಕ್ತದಲ್ಲಿ ಪ್ರತಿಕಾಯ ಉಳಿದಿರುತ್ತದಂತೆ. ಎಷ್ಟೋ ಮಂದಿಯಲ್ಲಿ ಸಿಕ್ಕಿತು. ಕರೋನಾ ವಾರ್ಡಿನಲ್ಲೇ ದುಡಿದ ನನ್ನ ಗೆಳತಿಗೆ ಇಲ್ಲ, ಎಲ್ಲರನ್ನೂ ದೂರ ನಿಲ್ಲಿಸಿ ಗದರುತ್ತಿದ್ದ ಗೇಟಿನ ವಾಚ್‌ಮನ್‌ಗೆ ಇದೆ! "ನನ್ನ ಕೇಳದ ಹೆಂಗ ಒಳಗ ಬಂತದು?" ಅನ್ನೋದು ಅವನ ತಕರಾರು.

ನನ್ನ ರಕ್ತದಲ್ಲೂ ಇತ್ತು, ಅಪ್ಪಾ. ಜ್ವರವಿಲ್ಲ, ಕೆಮ್ಮಿಲ್ಲ, ಯಾವಾಗ ಬಂದಿರಬೇಕು? ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಾಗ ಆ ಸಾರು ನೆನಪಾಯಿತು. ರುಚಿ ಹೋಗಿದ್ದದ್ದು ನನಗೆ, ನನ್ನಿಂದ ಅಂಟಿಸಿಕೊಂಡಿರಬೇಕಾದ ಅವ್ವನಿಗೆ. ಮೂವರಲ್ಲಿ ಸರಿಯಿದ್ದದ್ದು ನಿನ್ನದೊಂದೇ ನಾಲಿಗೆ.

ಅವ್ವ ಸೋಲು ಒಪ್ಪಿದ್ದನ್ನು ನೀನು ಜನ್ಮದಲ್ಲಿ ಕಂಡಿದ್ದೆಯಾ? ನಾನು ಕಂಡೆ. ಎಲ್ಲ ಕೇಳಿದಳು. "ಹಂಗಾದ್ರ ಅವರು ಖರೇನ ಹೇಳಿದ್ರು" ಅಂದಳು. ಆಮೇಲೆ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇವತ್ತು ಮನೆಯಲ್ಲಿ ಮತ್ತೆ ಕಟ್ಟಿನ ಸಾರು. ಅವ್ವ ಒಂದು ಸೌಟು ತಂದು ನಿನ್ನ ಫೋಟೋದ ಮುಂದೆ ಹಿಡಿದು ನಿಂತಿದ್ದಾಳೆ. "ಉಪ್ಪು ನೋಡ್ರಿ" ಅನ್ನುತ್ತಿದ್ದಾಳೆ. ಸಾರು ಇನ್ನೂ ಒಲೆಯ ಮೇಲೇ ಇದೆ, ಅಪ್ಪಾ. ನೀನು ಹೂಂ ಅನ್ನದೆ ಇಳಿಸುವುದಿಲ್ಲವಂತೆ.