ತುದಿ ಬಿಟ್ಟ ಸರಪಳಿ

ಅಕ್ಟೋಬರ್ 14. ಮೀಟಿಂಗ್ ನಂತರ

ಮತ್ತೆ ಕಾಫಿ ಚೆಲ್ಲಿಕೊಂಡೆ. ಪರವಾಗಿಲ್ಲ, ಇವತ್ತು ಎಲ್ಲವೂ ಪರವಾಗಿಲ್ಲ! ಒಡೀಲ್, ಪಿಎಚ್‌ಡಿ ಮುಗಿಸಿ ಪಕ್ಕದ ಮೇಜಿನಲ್ಲಿ ಪೋಸ್ಟ್‌ಡಾಕ್ ಆಗಿರುವವಳು, ತನ್ನ ಸರಪಳಿ ತೋರಿಸಿದಳು. ಸಾಲಾಗಿ ಪುಟ್ಟ ಡಬ್ಬಿಗಳು, ಒಳಗೆ ಮೈಕ್ರೋವೇವ್ ಫೋಟಾನು, ಅಂದರೆ ಕಣ್ಣಿಗೆ ಕಾಣದ ಬೆಳಕಿನ ಕಣ. ಆ ಬೆಳಕು ಬಲಕ್ಕೆ ಹೋದರೆ ಬೆಳೆಯುತ್ತದೆ, ಎಡಕ್ಕೆ ಸೊರಗುತ್ತದೆ. ತುದಿಗಳನ್ನು ಕೂಡಿಸಿ ಉಂಗುರ ಮಾಡಿದರೆ ಸುತ್ತಿ ಸುತ್ತಿ ಬೆಳೆದು ಕೈಮೀರುತ್ತದೆ. ತುದಿಗಳನ್ನು ಕೂಡಿಸದೆ ಬಿಟ್ಟರೆ ಎಷ್ಟು ಉದ್ದವಿದ್ದರೂ ಶಾಂತ — ಅದೇ ಅವಳ ಹೊಸ ಫಲಿತಾಂಶ.

ನಾನು ಉದ್ದದ ಸರಪಳಿಯನ್ನು ಕಂಪ್ಯೂಟರಿಗೆ ಹಾಕಿ ನೋಡಿದ್ದೆ. ಶಾಂತ ಇರಲಿಲ್ಲ. ಗ್ರಾಫ್ ತೋರಿಸಿದೆ.

"ಭಲೇ! ಪಿಎಚ್‌ಡಿ ಮೊದಲ ವರ್ಷದವಳು ನಿನ್ನ ಕಿವಿ ಹಿಂಡಿದಳಲ್ಲ ಒಡೀಲ್," ಅಂದರು ಪ್ರೊಫೆಸರ್ ಹೇವರ್‌ಕ್ಯಾಂಪ್.

"ನನ್ನ ಲೆಕ್ಕದಲ್ಲಿ ಹಾಗ್ ಬರಲ್ವಲ್ಲ..." ಎಂದಳು ಒಡೀಲ್.

ಶುಕ್ರವಾರ ಮೊಂಟ್ರಿಯಲ್‌ನಲ್ಲಿ ಅವಳ ಕೆಲಸದ ಸಂದರ್ಶನ. ಅಲ್ಲಿಯ ಭಾಷಣದಿಂದ ಆ ಭಾಗ ತೆಗೆದುಬಿಡು ಎಂದರು ಪ್ರೊಫೆಸರ್.

ಅಕ್ಟೋಬರ್ 18

ಸಂದರ್ಶನ ಸಪ್ಪೆಯಂತೆ. "ಹೊಸದೇನಿದೆ ಅಂತ ಕೇಳಿದ್ರು ಮೇಬಲ್, ನಾನು ಪಿಳಿಪಿಳಿ ನೋಡ್ದೆ." ನಕ್ಕಳು. ನನಗೆ ಡೋನಟ್ ತಂದಿದ್ದಳು. "ಅಷ್ಟು ಜನರೆದುರು ಮಾನ ಉಳಿಸ್ದೆ ಮರಿ, ತಿನ್ನು." ತಿಂದೆ.

ಅಕ್ಟೋಬರ್ 20. ಮಧ್ಯಾಹ್ನ

ಗ್ರಾಫ್ ಚಂದ ಕಾಣಲಿ ಎಂದು ದಶಮಾಂಶದ ಅಂಕಿಗಳನ್ನು ಹೆಚ್ಚಿಸಿದೆ, ಅಷ್ಟೆ. ಚೆದುರಿದ್ದ ಚುಕ್ಕೆಗಳೆಲ್ಲ ಒಂದೇ ಗೆರೆಗೆ ಬಂದು ಕೂತವು. ಶಾಂತ. ಮೊದಲು ನಾನು ಕಂಡದ್ದು ಕಂಪ್ಯೂಟರ್ ಕೊನೆಯ ಅಂಕಿ ಕತ್ತರಿಸಿದಾಗ ಉಳಿದ ಧೂಳು — ಈ ಸರಪಳಿ ಅದನ್ನೂ ತುದಿಯಿಂದ ತುದಿಗೆ ಬೆಳೆಸಿಬಿಟ್ಟಿದೆ. ಸಾಮಾನ್ಯ ಸರಪಳಿಯಲ್ಲಿ ಇಷ್ಟು ಧೂಳು ಲೆಕ್ಕಕ್ಕೇ ಬರುವುದಿಲ್ಲ.

ಒಡೀಲ್ ಸರಿ. ನಾನು ತಪ್ಪು.

ಗುರುವಾರ ಮೊಂಟ್ರಿಯಲ್‌ನವರ ತೀರ್ಮಾನ. ಇನ್ನೂ ಟೈಮ್ ಇದೆ. ಈಗಲೇ ಹೇಳಬೇಕು.

ಅಕ್ಟೋಬರ್ 21

ಹೇಳಲಿಲ್ಲ. ಪ್ರೊಫೆಸರ್ ಕಾರಿಡಾರಿನಲ್ಲಿ ಯಾರಿಗೋ ನನ್ನನ್ನು ತೋರಿಸಿ, "ಇವಳೇ ಆ ಹುಡುಗಿ" ಎಂದರು. ಬೋರ್ಡಿಂಗ್ ಸ್ಕೂಲಿನಲ್ಲಿ ಕಲಿತದ್ದು ಒಂದೇ: ಕೇಳದೆ ಬಾಯಿ ಬಿಡಬೇಡ. ಯಾರೂ ಕೇಳುತ್ತಿಲ್ಲ...

ಅಕ್ಟೋಬರ್ 27

ಕೆಲಸ ಬೇರೆಯವರಿಗೆ. ಒಡೀಲ್ ಕಣ್ಣು ಊದಿತ್ತು. ಆದರೂ, "ನಿನ್ ಹೆಸರೂ ಪೇಪರಲ್ಲಿ ಹಾಕ್ತೀನಿ, ತಪ್ಪು ಹಿಡಿದವಳಲ್ವಾ," ಅಂದಳು. ತಡೆಯಲಾಗಲಿಲ್ಲ. ಹೇಳಿದೆ. ಧೂಳು, ಅಂಕಿ, ಎಲ್ಲ.

"ಯಾವಾಗ ಗೊತ್ತಾಯ್ತು?"

"ಇವತ್ತು. ಬೆಳಗ್ಗೆ."

ಅಪ್ಪಿಕೊಂಡಳು. "ಅಯ್ಯೋ ಅಳ್ಬೇಡ್ವೇ. ಗೊತ್ತಾದ ತಕ್ಷಣ ಓಡಿ ಬಂದ್ಯಲ್ಲ, ಎಷ್ಟು ಜನ ಬರ್ತಾರೆ? ಪ್ರೊಫೆಸರಿಗೂ ಇದನ್ನೇ ಹೇಳ್ತೀನಿ."

ಬೇಡ ಎಂದೆ.

"ಯಾಕೆ?"

ಯಾಕೆಂದರೆ, ಗೊತ್ತಾಗಿದ್ದು ಇಪ್ಪತ್ತನೇ ತಾರೀಖು —